ಒಂದು ಸ್ಟಾಪ್ ಮುಂದೆ

ನನ್ನ ಮನೆ ಇರುವುದು ಕುಂಬಳೆಯಲ್ಲಿ.
ಹದಿನೇಳು ವರ್ಷ ಟಿಕೆಟ್ ತೆಗೆದದ್ದು ಆರಿಕ್ಕಾಡಿಗೆ.
ಆ ಅನ್ನಲು ಬಾಯಿ ತೆರೆದರಾಯಿತು, ಬಾಗಿಲಿಲ್ಲದ ಅಕ್ಷರ;
ಕ ಹಾಗಲ್ಲ, ಗಂಟಲಿಗೆ ಒಳಗಿಂದ ಚಿಲಕ.
ಕಂಡಕ್ಟರ್ ತಲೆಯ ಮೇಲೆ ನಿಂತು ನೋಟು ಮಡಚುವಾಗ
ಹಿಂದಿನ ಸೀಟಿನಲ್ಲಿ ಯಾರೋ ಆಗಲೇ ನಗಲು ತಯಾರು.
ಹಾಗಾಗಿ ಆರಿಕ್ಕಾಡಿಯಲ್ಲಿಳಿದು, ಸೇತುವೆ ದಾಟಿ,
ಹೊಳೆಯ ಉಪ್ಪುಗಾಳಿ ಕುಡಿಯುತ್ತ ವಾಪಸು.
ಮನೆಯಲ್ಲಿ ಕೇಳಿದರೆ, ಡಾಕ್ಟರು ನಡೆಯಲು ಹೇಳಿದ್ದಾರೆ.

ಬೆಳಿಗ್ಗೆ ತೊಂದರೆಯಿಲ್ಲ. ಕಾಸರಗೋಡೂ ಕ-ವೇ, ಆದರೆ
‘ಲಾಸ್ಟ್’ ಅಂದರೆ ಸಾಕು.

ಬಟ್ಟೆಯಂಗಡಿಯಲ್ಲಿ ಮೀಟರು ಹಿಡಿಯುವ ಕೆಲಸ,
ಲೆಕ್ಕ ನನಗೆ ಬರುತ್ತದೆ:
ದಿನಕ್ಕೆ ಎರಡು ರೂಪಾಯಿ ಹೆಚ್ಚು, ವರ್ಷಕ್ಕೆ ಮುನ್ನೂರು ದಿನ,
ಹದಿನೇಳು ವರ್ಷ. ಹತ್ತು ಸಾವಿರದ ಇನ್ನೂರು.
ಒಂದು ‘ಕು’ ಹೇಳದೆ ಇದ್ದ ಬಾಬ್ತು.

ಚಿಕ್ಕಂದಿನಲ್ಲಿ ಅಜ್ಜಿ ಬಜೆ ತೇಯ್ದು ಜೇನಲ್ಲಿ ನೆಕ್ಕಿಸಿದಳು.
ಬಾಯಿಗೆ ಗೋಲಿ ಹಾಕಿ ಓದಿಸುತ್ತಿದ್ದ ಮಾವ
ನಾನೊಂದು ನುಂಗಿದ ಮೇಲೆ ಬಿಟ್ಟ.
ಶಾಲೆಯಲ್ಲಿ ಐತಾಳ ಮಾಷ್ಟ್ರ ವ್ಯಾಕರಣ:
ಪಟಪಟ, ದಡದಡ, ಇವು ಅನುಕರಣಾವ್ಯಯ;
ಬೇಗಬೇಗ, ದೂರದೂರ, ಇದು ದ್ವಿರುಕ್ತಿ.
ಉದಾಹರಣೆ ಕೊಡು ಅಂದರು. ಎದ್ದು ನಿಂತೆ: ಕ, ಕ, ಕ, ಕ—
ಕ್ಲಾಸು ಬಿದ್ದು ಬಿದ್ದು ನಕ್ಕಿತು.
ಅದೂ ದ್ವಿರುಕ್ತಿಯೇ,
ಯಾರೂ ಮಾರ್ಕು ಕೊಡಲಿಲ್ಲ.

ನಲವತ್ತೊಂದನೇ ವಯಸ್ಸಿಗೆ ಆಸ್ಪತ್ರೆಯ ಮೇಲ್ಮಹಡಿ ಹತ್ತಿದೆ.
ರಮ್ಸೀನಾ, ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳು,
ಮಲಯಾಳದಲ್ಲಿ ಶುರುಮಾಡಿ ಕನ್ನಡಕ್ಕೆ ಬರುವವಳು.
ಗುಣವಾಗುತ್ತದಾ ಎಂದು ಬರೆದು ತೋರಿಸಿದೆ.
ಚೀಟಿಯನ್ನು ಓದದೆ ಮಗುಚಿಟ್ಟಳು:
“ಬಾಯಲ್ಲಿ ಕೇಳಿ. ನನಗೆ ಟೈಮುಂಟು.”
ಗೋಡೆಯ ಗಡಿಯಾರದಲ್ಲಿ ನಲವತ್ತು ಸೆಕೆಂಡು ಹೋಯಿತು,
ಅವಳು ಗಡಿಯಾರ ನೋಡಲಿಲ್ಲ.
“ಪೂರ್ತಿ ಹೋಗುತ್ತದೆ ಅನ್ನುವವರಿಗೆ ದುಡ್ಡು ಕೊಡಬೇಡಿ.
ಹೆದರಿಕೆ ಸಣ್ಣದಾಗಬಹುದು.”

ಕಲಿಸಿದ್ದು ಇಷ್ಟು: ಉಸಿರು ಮೊದಲು ಹೊರಡಲಿ,
ಅಕ್ಷರ ಅದರ ಮೇಲೆ ಕೂತು ಬರಲಿ.
ಸಿಕ್ಕಿಕೊಂಡರೆ ಎಳೆಯಬೇಡಿ,
ಅಂಗಡಿಯಲ್ಲಿ ನೂಲಿನ ಗಂಟನ್ನು ನೀವು ಎಳೆಯುತ್ತೀರಾ?
ಮತ್ತೆ ಒಂದು ಹುಚ್ಚು ಹೋಮ್‌ವರ್ಕು:
ಮೂರು ಅಂಗಡಿಗೆ ಫೋನು ಮಾಡಿ ತೆಂಗಿನೆಣ್ಣೆಯ ಕ್ರಯ ಕೇಳಿ,
ಬೇಕೆಂದೇ ಉಗ್ಗಿ.
ಇಷ್ಟು ವರ್ಷ ಅಡಗಿಸಿದ್ದನ್ನು ಕೇಳಿಸಬೇಕಂತೆ!
ಇಬ್ಬರು ಫೋನಿಟ್ಟರು. ಮೂರನೆಯವ
“ಅರ್ಜೆಂಟಿಲ್ಲ ಸಾರ್, ಹೇಳಿ” ಅಂದ.
ನಮ್ಮ ಮನೆಗೆ ಈಗ ಅವನದೇ ಎಣ್ಣೆ.

ಶನಿವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ಏಳು ಜನ.
ನಿಯಮ ಒಂದೇ: ಇನ್ನೊಬ್ಬರ ಮಾತನ್ನು ಮುಗಿಸಿಕೊಡಬಾರದು.
ಅಂಬಾಡಿಯಣ್ಣ ಕಡಪ್ಪುರದಲ್ಲಿ ಮೀನು ಏಲಂ ಕರೆಯುವವರು.
ಬಂಗುಡೆಯ ರಾಶಿಯೆದುರು ನಾಲಿಗೆ ದೋಣಿಯಂತೆ ಓಡುತ್ತದೆ,
ಹೆಂಡತಿಯ ಹೆಸರಿಗೆ ಬಂದು ಹೊಯಿಗೆಯಲ್ಲಿ ನಿಲ್ಲುತ್ತದೆ.
ನೀರ್ಚಾಲಿನ ಪ್ರಣಮ್ಯಾಗೆ ಹತ್ತು ವರ್ಷ.
ತನ್ನದೇ ಹೆಸರಿನ ‘ಪ್ರ’ ಹತ್ತಲು ಎಷ್ಟು ಹೊತ್ತೋ
ಅಷ್ಟು ಹೊತ್ತೂ ಫ್ಯಾನಿನ ಸದ್ದು ಮಾತ್ರ.
ಕಾಯುತ್ತಿದ್ದೇವೆಂದು ತೋರಿಸಿಕೊಳ್ಳದೆ ಕಾಯುವುದು—
ಅಂಥ ಕೋಣೆಯಲ್ಲಿ ನಾನು ಅದುವರೆಗೆ ಕೂತವನಲ್ಲ.

ಮೊನ್ನೆ ಮಂಗಳವಾರ. ಎಲ್ಲಿಗೆ, ಅಂದ ಕಂಡಕ್ಟರ್.
ಉಸಿರು ಹೊರಟಿತು. ಕ್, ಕ್, ಕು—
ಕುಂಜತ್ತೂರಾ? ಅಂದ.
ಕೈಯೆತ್ತಿ ತಡೆದೆ.
ಕುಂ— ಬಳೆ.
ಹಿಂದೆ ಯಾರೋ ನಕ್ಕರು.
ಎರಡು ರೂಪಾಯಿ ಚಿಲ್ಲರೆ ಅಂಗೈಗೆ ಬಂತು.

ಇಳಿದರೆ ಕಾಲಿಗೆ ಗೊತ್ತಾಗಲಿಲ್ಲ, ಯಾವ ಕಡೆಯೆಂದು.
ಮನೆ ಇಷ್ಟು ಹತ್ತಿರ ಉಂಟಾ?

ನಿನ್ನೆ ಮತ್ತೆ ಆರಿಕ್ಕಾಡಿ ಅಂದೆ.
ಹೆದರಿಕೆಯೋ, ಸೇತುವೆಯ ಗಾಳಿಯ ಆಸೆಯೋ,
ಶನಿವಾರ ಅವರಿಗೆ ಹೇಳಬೇಕು.
ಹೊತ್ತು ಹಿಡಿಯುತ್ತದೆ.