ಎಡಗೆನ್ನೆ

ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿನಲ್ಲಿ
ಮೂವತ್ತೆರಡು ಮೆಷಿನ್ನು. ಕರೆಂಟು ಬಂದರೆ ಸಾಕು,
ಎಲ್ಲರೂ ಕಿವುಡರೇ.
ಹುಟ್ಟುಗಿವುಡಿ ಹುಸೇನಮ್ಮ ಒಬ್ಬಳೇ
ಆ ಸದ್ದಿನೊಳಗೆ ಸಲೀಸಾಗಿ ಮಾತಾಡುವಾಕೆ.

ಆಕೆಯಿಂದಲೇ ಕಲಿತೆವು:
ಬೆರಳು ಬರೀ ಪದ, ವ್ಯಾಕರಣ ಇರೋದು ಮುಖದಲ್ಲಿ.
ಊಟ ಅಂತ ಕೈ ಮಾಡಿ ಹುಬ್ಬು ಏರಿಸಿದರೆ, ಆಯ್ತಾ?
ಕೆನ್ನೆ ಉಬ್ಬಿದರೆ, ಹೊಟ್ಟೆ ಬಿರಿಯ.
ತುಟಿ ಓರೆಯಾದರೆ
ಮೇಸ್ತ್ರಿ ಮನೆ ಲಗ್ನದ್ದು, ಸಾರಿಗೆ ಉಪ್ಪಿಲ್ಲ.

ಈಗ ಬಸ್ ಸ್ಟ್ಯಾಂಡಿನ ಪರದೆಯಲ್ಲಿ
ಕೈಮಾತಿನ ಗೊಂಬೆ ನಿಲ್ಲಿಸ್ತಾರಂತೆ,
ಗೊಂಬೆಗೆ ಹುಸೇನಮ್ಮನ ಮುಖ.
ಕಂಟೋನ್ಮೆಂಟಿನಲ್ಲೊಂದು ಬಾಡಿಗೆ ಕೋಣೆ, ಆರು ಕ್ಯಾಮೆರಾ,
ಮುಖದ ತುಂಬ ಚುಕ್ಕಿ ಅಂಟಿಸಿದ ಹುಡುಗ ಜಂಬಣ್ಣ.
'ಚುಕ್ಕಿ ಸರಿದಂಗೆ ಗೊಂಬೆ ಸರೀತದೆ ಅಕ್ಕ.'
ಚುಕ್ಕಿ ಇಟ್ಟು ಎಳೆ ಎಳೆಯದೆ ಎದ್ದುಹೋದ ರಂಗೋಲಿ ಆಕೆ.
ನಾನು ನಕ್ಕೆ. ಆಕೆಯೂ ನಕ್ಕಳು,
ಎರಡು ಚುಕ್ಕಿ ಉದುರಿದವು.

ಎದುರಿನಿಂದ ನೋಡಿದರೆ ಗೊಂಬೆ ಆಕೆಯೇ.
ಜಂಬಣ್ಣ ಮೆಲ್ಲಗೆ ತಿರುಗಿಸಿದ:
ಸಿರುಗುಪ್ಪ ಬಸ್ಸಿನ ಕಿಟಕಿಯಿಂದ ಇಣುಕುವವನಿಗೆ,
ಗಂಟಿನ ಮೇಲೆ ಕೂತು ಕತ್ತೆತ್ತಿದ ಮುದುಕಿಗೆ.
ತಿರುಗುತ್ತ ತಿರುಗುತ್ತ ಹುಬ್ಬು ಚಪ್ಪಟೆಯಾಯಿತು.
'ಬಸ್ಸು ಹೋಯಿತೆ?' ಎಂಬುದು
'ಬಸ್ಸು ಹೋಯಿತು' ಆಯಿತು.
ಅಷ್ಟಕ್ಕೇ ಯಾರೋ ಒಬ್ಬರು
ರಾತ್ರಿಯೆಲ್ಲ ಸ್ಟ್ಯಾಂಡಿನಲ್ಲೇ ಮಲಗಿಯಾರು.

ಎಡಗಡೆಯ ಕ್ಯಾಮೆರಾ ಕೆಟ್ಟಿತ್ತಂತೆ.
ಕಾಣದ ಕೆನ್ನೆಗೆ ಕಂಪ್ಯೂಟರು
ಬಲಗೆನ್ನೆಯನ್ನೇ ಮಗುಚಿ ಹಾಕಿಕೊಂಡಿದೆ,
ಪ್ಯಾಂಟಿನ ಒಂದು ಕಾಲಿನ ಅಳತೆಗೆ
ನಾವು ಇನ್ನೊಂದು ಕಾಲು ಕತ್ತರಿಸುವ ಹಾಗೆ.
'ಯಾರಿಗೆ ಗೊತ್ತಾಗ್ತದೆ ಬಿಡಕ್ಕ.'

ನನಗೆ.
ಒಂಬತ್ತು ವರ್ಷ ಆಕೆಯ ಎಡಕ್ಕೆ ಕೂತವಳು ನಾನು,
ಎದುರಿನಿಂದ ನೋಡಿದ್ದು ಬುತ್ತಿ ಬಿಚ್ಚಿದಾಗ ಮಾತ್ರ.
ನಗು ತಡೆದರೆ ಎಡಗಿವಿಯ ಕೆಳಗೆ ಸಣ್ಣದೊಂದು ಗುಳಿ.
ಸಿಟ್ಟು ಬರುವ ಮುಂಚೆ ದವಡೆ ಒಮ್ಮೆ ಅಲುಗುತ್ತದೆ,
ಸೂಜಿ ಮುರಿಯುವ ಮುಂಚೆ ಮೆಷಿನ್ನು ತಡವರಿಸುವಂತೆ.
ಗಂಡ ಬಿಟ್ಟುಹೋದ ವಾರ, ಆ ಕೆನ್ನೆ
ಏನೂ ಮಾಡಲಿಲ್ಲ. ಅದೂ ಒಂದು ಮಾತೇ.

'ಹೆಂಗೆ ಅಂತ ಮಾಡಿ ತೋರಿಸಕ್ಕ' ಅಂದ.
ಮಾಡಲು ಹೋದೆ. ನನ್ನ ಕೆನ್ನೆಗೆ ಬರಲಿಲ್ಲ,
ಬಾಯಿ ಸೊಟ್ಟಗಾಗಿದ್ದಷ್ಟೇ ಬಂತು.
ಹುಸೇನಮ್ಮ ನನ್ನನ್ನೇ ನೋಡುತ್ತಿದ್ದಳು, ಹುಬ್ಬು ಏರಿಸಿ.
ಪ್ರಶ್ನೆಯೇ. ಸಂಶಯವಿಲ್ಲ.
ಆದರೆ ನಾನು ನಿಂತದ್ದು ಎದುರಿಗೆ;
ಎಡಗಿವಿಯ ಕೆಳಗೆ ಏನಾಯಿತೋ
ಕಾಣಲಿಲ್ಲ.