ನೆಲಸಮ

ಸುಂಟಿಕೊಪ್ಪದ ಆ ಟಾಕೀಸಿನ ಮಾತು ಬಂದರೆ
ಎಲ್ಲರೂ ಪರದೆಯ ಕಥೆ ಹೇಳುತ್ತಾರೆ.
ನನಗೆ ಗೊತ್ತಿರುವುದು ನೆಲ.

ಅದನ್ನು ಗುಡಿಸುತ್ತಿದ್ದವಳು ನನ್ನವ್ವ.
ಬಾಗಿಲ ಕಡೆ ಎತ್ತರ, ಪರದೆಯ ಕಡೆ ತಗ್ಗು.
ಮುಂದಿನವನ ತಲೆ ಹಿಂದಿನವನಿಗೆ ಅಡ್ಡ ಬಾರದಂತೆ
ಬಿದ್ದಪ್ಪನವರು ನಿಂತು ಹಾಕಿಸಿದ ಇಳಿಜಾರು.

ಭಾನುವಾರ ಸಂತೆ ಮುಗಿದು,
ತೋಟದ ಲಾರಿಗಳು ಬಂದು ನಿಂತ ಮೇಲೇ ಆಟ.
ಸೋಮವಾರ ಬೆಳಿಗ್ಗೆ
ಪೊರಕೆ ತಾನೇ ಮುಂದೆ ಓಡುತ್ತಿತ್ತು.
ಕಡಲೆಸಿಪ್ಪೆ, ಮೋಟುಬೀಡಿ, ಯಾರದೋ ಹೇರ್‌ಪಿನ್ನು.
ಕುರ್ಚಿಯವರ ಜೇಬಿಂದ ಜಾರಿದ ನಾಲ್ಕಾಣೆ
ಕತ್ತಲಲ್ಲೇ ಉರುಳಿ ಉರುಳಿ
ಗಾಂಧಿ ಕ್ಲಾಸಿನ ಗೋಡೆಗೆ ಒರಗಿ ಮಲಗಿರುತ್ತಿತ್ತು.
ಅದು ನನ್ನದು.

ಒಮ್ಮೆ ಒಂದು ಕಾಲ್ಗೆಜ್ಜೆ. ಬೆಳ್ಳಿ. ಅಂಗೈಗೂ ಸಣ್ಣದು.
ಅವ್ವ ಅದನ್ನು ನನಗೆ ಕೊಡಲಿಲ್ಲ.
ಮಿಷನ್ ರೂಮಿನ ಮೊಯ್ದುಕಾಕ
ಮಸಿ ಹಿಡಿಸಿದ ಗಾಜಿನ ಮೇಲೆ ಸೂಜಿಯಲ್ಲಿ ಗೀಚಿ
ಮೂರು ವಾರ ಇಂಟರ್‌ವಲ್ಲಿಗೆ ತೋರಿಸಿದರು:
ಗೆಜ್ಜೆ ಸಿಕ್ಕಿದೆ.
ಯಾರೂ ಬರಲಿಲ್ಲ.

ಆಮೇಲೆ ಕಾಫಿಗೆ ರೇಟು ಬಂತು.
ಕುರ್ಚಿ ಕಿತ್ತರು, ಚೀಲ ಪೇರಿಸಿದರು.
ನಾನು ತೂಕದವ.
ಕಾಟಾದ ಕೆಳಗೆ ಹಲಗೆ ತುಂಡು ತುರುಕಿ
ಎಷ್ಟು ಮಟ್ಟ ಮಾಡಿದರೂ
ಚೀಲಕ್ಕೆ ಅರ್ಧ ಕಿಲೋ ಸುಳ್ಳು ಹೇಳುತ್ತಿತ್ತು.
ಯಾರ ಪರವಾಗಿ ಎಂದು ಕೇಳಬೇಡಿ.
ಹರಿದ ಚೀಲದ ಚೆರಿ ಮಾತ್ರ
ಹಳೆಯ ರೂಢಿಯಂತೆ
ಪರದೆ ಇದ್ದ ಕಡೆಗೇ ಹೋಗುತ್ತಿತ್ತು.

ಮದುವೆ ಹಾಲೂ ಆಯಿತು, ನಾಲ್ಕೋ ಐದೋ ವರ್ಷ.
ತಂಗಿಯ ಮಗಳ ಮದುವೆಯಲ್ಲಿ
ನನ್ನ ಎಲೆಯ ಸಾರು ಬೀಗರ ಎಲೆಗೆ ಹರಿದು
ಅವರು ನಕ್ಕರು. ಸಂಬಂಧ ಕುದುರಿತು.

ಗುಡ್ಡ ಜರಿದ ಆಗಸ್ಟಿನಲ್ಲಿ
ಚಾಪೆ, ಕಂಬಳಿ, ಬಿಸ್ಕತ್ತಿನ ಪೆಟ್ಟಿಗೆ.
ಹಾಲಿನ ತುಂಬ ಮನೆ ಇಲ್ಲದವರು.
ಮೇಲೂರಿಂದ ಬಂದ ದೇಚವ್ವ
ಚಾಪೆಯ ಮೇಲೆ ಒಂದು ಸಲ ಮಲಗಿ, ತಟ್ಟನೆ ಎದ್ದು
ಅಂಗೈಯಲ್ಲಿ ನೆಲ ಸವರಿ ನೋಡಿದಳು.
'ಇದೂ ಇಳಿಜಾರಾ?'
ಸಿಮೆಂಟು ಅವ್ವಾ, ಜರಿಯಲ್ಲ ಎಂದೆ.
'ನಮ್ಮದೂ ಜರಿಯಲ್ಲ ಅಂತಲೇ ಇದ್ದೆವು.'
ಹನ್ನೊಂದು ರಾತ್ರಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು,
ಇದ್ದವರೆಲ್ಲ ಸಾಲಾಗಿ ನಿದ್ದೆ ಮಾಡುವುದನ್ನು
ಕಣ್ಣು ಮಿಟುಕಿಸದೆ ನೋಡುತ್ತ.
ಆ ಕಟ್ಟಡದ ಕೊನೆಯ ಪ್ರೇಕ್ಷಕಿ ಅವಳೇ ಇರಬೇಕು.

ಜೆಸಿಬಿ ಬಂದ ದಿನ
ಗೋಡೆ ಬೀಳಲು ಒಂದು ಬೆಳಿಗ್ಗೆ ಸಾಕಾಯಿತು.
ನೆಲಕ್ಕೆ ಮೂರು ದಿನ ಹಿಡಿಯಿತು.
ಹೊರಗಿನ ಹುಡುಗ, ಡ್ರೈವರು, ನನ್ನನ್ನೇ ಕೇಳಿದ:
ಎತ್ತರ ಕೆರೆಯಲಾ, ತಗ್ಗಿಗೆ ಮಣ್ಣು ತುಂಬಲಾ?
ನಾನು ಟೀ ಕುಡಿಯುತ್ತಿದ್ದೆ.
ಎರಡೂ ಮಾಡು ಎಂದೆ.

ಈಗ ಅಲ್ಲಿ ಟೂರಿಸ್ಟ್ ಗಾಡಿ ನಿಲ್ಲುತ್ತವೆ.
ಗೇಟಿನಲ್ಲಿ ಚೀಟಿ ಹರಿಯುವವನು ನಾನೇ.
ಗಂಟೆಗೆ ಇಪ್ಪತ್ತು.
ಮೊನ್ನೆ ಯಾರದೋ ಹೊಸ ಕಾರಿನ ಪೂಜೆಯ ನಿಂಬೆಹಣ್ಣು
ಚಕ್ರಕ್ಕೆ ಸಿಗದೆ ಉಳಿದಿತ್ತು.
ಚಪ್ಪಲಿ ತುದಿಯಲ್ಲಿ ತಳ್ಳಿದೆ.
ಎರಡು ಗೇಣು ಹೋಗಿ
ನಿಂತುಬಿಟ್ಟಿತು.

ಕಲ್ಲು ಕೊಡಬೇಕಾ ಟೈರಿಗೆ, ಎನ್ನುತ್ತಾರೆ ಬಂದವರು.
ಬೇಡ ಸಾರ್,
ನೆಲ ಸಮ ಇದೆ.