ಮಿಟುಕಿಸಬೇಡಿ

ವಾರದ ಆರು ದಿನ ನನ್ನದು ಒಂದೇ ಮಾತು:
ಗದ್ದ ಮೇಲೆ, ಭುಜ ಸಡಿಲ, ಬಾಯಿ ಮುಚ್ಚಿ,
ಕಣ್ಣು ಮಿಟುಕಿಸಬೇಡಿ.
ಎಂಟು ಕಾಪಿಗೆ ಅರವತ್ತು ರೂಪಾಯಿ.
ಹಿಂದಿನ ಪರದೆ ನೀಲಿ;
ಬ್ಯಾಂಕಿನವರು ಬಿಳಿ ಕೇಳಿದರೆ, ತಿರುಗಿಸಿದರಾಯಿತು, ಬಿಳಿ.

ಭಾನುವಾರ ಮಾತ್ರ
ನನ್ನ ಮಾತು ಕೇಳದವರ ಫೋಟೋ.

ಕೋಗಾರು ಘಾಟಿಯ ಕೆಳಗೆ ಕೆರಿಯಪ್ಪ ತೋರಿಸಿದ ಮರ.
ಎಂಟಾಳೆತ್ತರದಲ್ಲಿ ಒಂದು ಸೀಳು, ಬೆರಳಗಲ.
ಒಳಗೆ ಮಂಗಟ್ಟೆ ಹೆಣ್ಣು
ಹಿಕ್ಕೆ ಮೆತ್ತಿ, ಮಣ್ಣು ಮೆತ್ತಿ
ತನ್ನ ಬಾಗಿಲು ತಾನೇ ಮುಚ್ಚಿಕೊಂಡು ಕೂತಿದ್ದಾಳೆ.
ಗಂಡು ಕಾಣುವ ಮೊದಲೇ ಅವನ ರೆಕ್ಕೆ ಕೇಳುತ್ತದೆ
ತಾಳಗುಪ್ಪದ ರೈಲು ಏದುಸಿರು ಬಿಟ್ಟ ಹಾಗೆ.
ಗಂಟಲಿಂದ ಬಸರಿ ಹಣ್ಣು, ಒಂದು, ಇನ್ನೊಂದು,
ಕೊಕ್ಕಿನ ತುದಿಗೆ ತಂದು ಸೀಳಿಗೆ ಇಟ್ಟ.
ಹದಿನೇಳು ಎಣಿಸಿದೆ.
ಇನ್ನೂರ ಹನ್ನೊಂದು ಸಲ ಒತ್ತಿದೆ.
ಎಲ್ಲದರಲ್ಲೂ ಅವನೇ.
ಅವಳದು ಒಂದು ಕೊಕ್ಕಿನ ತುದಿ, ಅದೂ ಮಸುಕು.

"ಇವನ ಕಣ್ಣು ಕೆಂಪು. ಅವಳದು ಬಿಳಿ ಕಣ್ರಿ"
ಅಂದ ಕೆರಿಯಪ್ಪ, ಹಚ್ಚದ ಬೀಡಿ ತುಟಿಯಲ್ಲಿಟ್ಟುಕೊಂಡೇ.
"ನೀನು ನೋಡಿದೀಯಾ?"
"ಹೊರಗೆ ಬಂದ ದಿನ. ಒಂದು ಗಳಿಗೆ."

ಸಾಮಿಲ್ಲಿನ ಕಾಂಪೌಂಡಿಗೆ ಕಾಡು ಬರೆಯಿರಿ ಅಂತ
ಪಾಲಿಕೆಯ ಟೆಂಡರು.
ಬೋರ್ಡು ಬರೆಯುವ ಕಲಂದರ್
ನನ್ನ ಫೋಟೋಗೆ ಚೌಕ ಹಾಕಿ ಗೋಡೆಗೆ ಏರಿಸಿದ.
ಗೋಡೆಯಾಚೆ ಗರಗಸ.
ಬಣ್ಣ ಒಣಗುವ ಮೊದಲೇ ಹೊಟ್ಟು ಹಾರಿ ಬಂದು
ಬರೆದ ಮರಕ್ಕೆ ಅಂಟಿಕೊಂಡಿತು.
"ತೊಗಟೆ ಪುಕ್ಕಟೆ" ಅಂದ.

ಇಂಜಿನಿಯರ್ ಬಂದರು:
"ಹೆಣ್ಣು ಹಕ್ಕಿ ಎಲ್ಲಪ್ಪಾ? ಜನಕ್ಕೆ ತಿಳೀಬೇಕಲ್ಲ?"
"ಒಳಗಿದಾಳೆ ಸಾರ್."
"ಬರಿ ಮತ್ತೆ."
"ಕಾಣದೆ ಇರೋದಕ್ಕೆ ರೇಟು ಬೇರೆ ಸಾರ್."
ಸೀಳು ಕಪ್ಪಾಗಿಯೇ ಉಳಿಯಿತು.

ಮೇ ತಿಂಗಳು. ಯಾರೋ ರಾತ್ರಿ ಬಂದು
ಆ ಕಪ್ಪಿನ ಮೇಲೇ ಅಂಟಿಸಿ ಹೋಗಿದ್ದಾರೆ:
ಭಾವಪೂರ್ಣ ಶ್ರದ್ಧಾಂಜಲಿ,
ಮಲಗೊಪ್ಪದ ಹೊನ್ನೂರಮ್ಮ.
ಹೊಳೆ ಬಸ್‌ಸ್ಟಾಪಿನಲ್ಲಿ ಮೀನು ಮಾರುತ್ತಿದ್ದವಳು.
ಕೆಂಪು ಕಣ್ಣಿನವನು ಹಣ್ಣು ಹಿಡಿದಿದ್ದಾನೆ
ನೇರ ಅವಳ ಬಾಯಿಗೆ.

ನೀಲಿ ಪರದೆ ನನ್ನದು.
ಪಿಂಚಣಿ ಅರ್ಜಿಗೆ ಅಂತ ಬಂದಿದ್ದಳು.
ಬಾಯಿ ಮುಚ್ಚಿ ಅಂದಾಗ ನಕ್ಕಿದ್ದಳು,
"ಹಂಗಾರೆ ಮೀನು ಕೂಗೋರ್ಯಾರು?"
ಎಡಗಣ್ಣಿಗೆ ಪೊರೆ, ಹಾಲಿನ ಹನಿಯಂಥದು.
ಅವಳನ್ನು ಕೇಳದೆ ನಾನು ಕಂಪ್ಯೂಟರಿನಲ್ಲಿ
ಬಲಗಣ್ಣನ್ನೇ ಎತ್ತಿ, ಹೊರಳಿಸಿ, ಎಡಕ್ಕೆ ಇಟ್ಟೆ.
ಫೋಟೋ ದೂರ ಹಿಡಿದಳು, ಹತ್ತಿರ ಹಿಡಿದಳು,
"ಯಾರಿದು, ನಮ್ಮಕ್ಕ ಇದ್ದಂಗವ್ಳೆ" ಅಂದು
ಸೆರಗಿನ ಗಂಟು ಬಿಚ್ಚಿ ಅರವತ್ತು ಎಣಿಸಿದಳು.
ಚಿಲ್ಲರೆ ನೋಟು. ಎರಡು ದಿನ ಗಲ್ಲಾಪೆಟ್ಟಿಗೆ
ಹೊಳೆಮೀನಿನ ವಾಸನೆ.

ಕಲಂದರ್‌ಗೆ ಹೇಳಿದೆ.
ಪೋಸ್ಟರ್ ಕೀಳಲು ಬಂದವನು ಕೀಳಲಿಲ್ಲ.
ಡಬ್ಬಿಯ ತಳದಲ್ಲಿ ಹೆಪ್ಪುಗಟ್ಟಿದ್ದ ಬಿಳಿಯನ್ನು
ಕಿರುಬೆರಳಲ್ಲಿ ಕೆರೆದುಕೊಂಡು
"ಯಾವ ಕಣ್ಣು?" ಅಂದ.

ಮರುಬೆಳಗ್ಗೆ ಹೋಗಿ ನೋಡುತ್ತೇನೆ,
ಮೈದಾ ಅಂಟಿನ ಆಸೆಗೆ ಬೀದಿ ಹಸುವೊಂದು
ಹೆಸರು, ಊರು, ದುಃಖತಪ್ತರ ಪಟ್ಟಿ ಎಲ್ಲ ಮೇಯ್ದು
ಗದ್ದದವರೆಗೆ ಬಂದಿದೆ.
ಹೈ ಅಂದೆ. ಕಿವಿ ಮಾತ್ರ ಅಲ್ಲಾಡಿತು.
ಕ್ಯಾಮೆರಾ ಎತ್ತಿದೆ.
ಹಣ್ಣು, ಕೊಕ್ಕು, ಬಾಯಿ, ಬಿಳಿ ಚುಕ್ಕೆ,
ಹಸುವಿನ ನಾಲಿಗೆ.
ಅಭ್ಯಾಸಬಲ, ಮಿಟುಕಿಸಬೇಡಿ ಅಂದುಬಿಟ್ಟೆ.
ಹಸು ತಿರುಗಿ ನೋಡಿತು.
ಒತ್ತುವಷ್ಟರಲ್ಲಿ
ನಡುವೆ ಸಾಗರದ ಬಸ್ಸು.